ಅಕ್ಕಡಿ ಸಾಲಿನ ಕಾಳು: ರಾಗಿಸೀಮೆಯ ಊಟ ಮತ್ತು ಮಕ್ಕಳ ಗಮನ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಒಂದು ಜಿಲ್ಲೆಯಾದದ್ದು 2007ರಲ್ಲಿ. ಬೇಸಾಯ ಮತ್ತು ಊಟದ ಲೆಕ್ಕದಲ್ಲಾದರೆ ಈ ನಾಲ್ಕೂ ಅದಕ್ಕಿಂತ ಬಹಳ ಹಿಂದಿನಿಂದಲೇ ಒಂದೇ ಸೀಮೆ. ಬಂಡೆಗುಡ್ಡಗಳ ನಡುವಿನ ಕೆಂಪು ಮಣ್ಣು, ಮಳೆಯನ್ನೇ ನಂಬಿದ ಹೊಲ, ಅದರಲ್ಲಿ ರಾಗಿ: ಇದು ಇಲ್ಲಿನ ಹಳ್ಳಿಗಳನ್ನು ಶತಮಾನಗಳ ಕಾಲ ಪೊರೆದ ವ್ಯವಸ್ಥೆ. ಇಲ್ಲಿನ ಮಕ್ಕಳು ಏನನ್ನು ತಿಂದು ಬೆಳೆದರು ಎಂದು ಕೇಳಿದರೆ ಮುದ್ದೆ ಎಂಬ ಉತ್ತರ ತಟ್ಟನೆ ಬರುತ್ತದೆಯಾದರೂ ಅದು ಅರ್ಧ ಉತ್ತರ. ಉಳಿದರ್ಧ ರಾಗಿಯ ಪೈರಿನ ನಡುನಡುವೆ ಬೆಳೆಯುತ್ತಿದ್ದ ಕಾಳುಗಳಲ್ಲಿದೆ. ಆಹಾರದ ಪ್ರೋಟೀನಿಗೂ ಮಕ್ಕಳ ಗಮನ ಕೊರತೆಗೂ ಇರುವ ನಂಟಿನ ಬಗ್ಗೆ ಇಂದು ನಡೆಯುತ್ತಿರುವ ಚರ್ಚೆಗೆ ಬೇಕಾದದ್ದು ಮುಖ್ಯವಾಗಿ ಆ ಉಳಿದರ್ಧದ ಚರಿತ್ರೆ.

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣ, ರಾಮಗಿರಿ, ಮಾಗಡಿಗಳನ್ನು ಹಾದುಹೋದನು. 1807ರಲ್ಲಿ ಅಚ್ಚಾದ ಅವನ ಪ್ರವಾಸಕಥನವು ರಾಗಿಯನ್ನು ಈ ನಾಡಿನ ಒಣಬೇಸಾಯದ ಮುಖ್ಯ ಬೆಳೆಯೆಂದು ಗುರುತಿಸಿ, ಅದರೊಂದಿಗೆ ಅವರೆ ಅಥವಾ ತೊಗರಿಯನ್ನು ಸಾಲುಸಾಲಾಗಿ ಬಿತ್ತುವ ಕ್ರಮವನ್ನೂ ಬಿತ್ತನೆಯ ಕೂರಿಗೆಯನ್ನೂ ವಿವರಿಸುತ್ತದೆ. ರೈತರು ಇದನ್ನು ಅಕ್ಕಡಿ ಎನ್ನುತ್ತಾರೆ. ಎಂದರೆ ಮುಖ್ಯ ಬೆಳೆಯ ಕೆಲವು ಸಾಲುಗಳಿಗೊಂದರಂತೆ ಬೇರೆ ಬೆಳೆಯ ಸಾಲನ್ನು ಹಾಕುವುದು. ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳು, ಹೊಲದಂಚಿಗೆ ಹರಳು, ಹೀಗೆ ಒಂದೇ ಹೊಲದಿಂದ ಮನೆಗೆ ಬೇಕಾದ ಕಾಳು, ಎಣ್ಣೆ, ದನದ ಮೇವು ಮೂರೂ ದೊರೆಯುತ್ತಿದ್ದವು. ರಾಗಿ ಕೊಯ್ಲಾದ ಮೇಲೂ ಅವರೆ ಇಬ್ಬನಿಯಲ್ಲಿ ಕಾಯಿ ಕಚ್ಚಿಕೊಂಡು ನಿಲ್ಲುತ್ತಿತ್ತು. ತೊಗರಿ ಅದಕ್ಕೂ ತಡವಾಗಿ ಬಲಿಯುತ್ತಿತ್ತು. ದ್ವಿದಳದ ಬೇರುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತಿದ್ದುದರಿಂದ ಗೊಬ್ಬರದ ಖರ್ಚೂ ತಗ್ಗುತ್ತಿತ್ತು. ಬಡ ಕುಟುಂಬವೊಂದು ದುಡ್ಡು ಬಿಚ್ಚದೆ ಕಾಳು ತಿನ್ನಲು ಸಾಧ್ಯವಾದದ್ದು ಈ ಪದ್ಧತಿಯಿಂದ ಎಂಬುದನ್ನು ಒತ್ತಿ ಹೇಳಬೇಕು.

ಹೊಲದ ಈ ಜೋಡಿ ಅಡುಗೆಮನೆಯಲ್ಲಿಯೂ ಮುಂದುವರಿಯಿತು. ಬಸ್ಸಾರು ಅದಕ್ಕೆ ಒಳ್ಳೆಯ ನಿದರ್ಶನ: ಹುರಳಿಯನ್ನೋ ಅವರೆಯನ್ನೋ ತೊಗರಿಯನ್ನೋ ಬೇಯಲಿಟ್ಟು, ಮುಕ್ಕಾಲು ಬೆಂದಾಗ ದಂಟು, ಕೀರೆ ಅಥವಾ ಹೊಲದ ಬದುಗಳಲ್ಲಿ ಕಿತ್ತು ತಂದ ಬೆರಕೆ ಸೊಪ್ಪನ್ನು ಹಾಕಿ, ಬೆಂದ ಮೇಲೆ ಕಟ್ಟನ್ನು ಬಸಿದುಕೊಂಡು, ಆ ಕಟ್ಟಿಗೆ ಹುರಿದು ರುಬ್ಬಿದ ಖಾರ ಕೂಡಿಸಿ ಸಾರು ಮಾಡುತ್ತಾರೆ, ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಒಂದೇ ಪಾತ್ರೆಯಲ್ಲಿ ಬೆಂದದ್ದು ಎರಡು ಪದಾರ್ಥವಾಗಿ ಮುದ್ದೆಯ ಪಕ್ಕಕ್ಕೆ ಬರುತ್ತದೆ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಸೊಗಡಿನ ಅವರೆಯನ್ನು ನೀರಲ್ಲಿ ನೆನೆಸಿ ಸಿಪ್ಪೆ ಹಿಚುಕಿ ತೆಗೆದ ಹಿತಕಬೇಳೆಯ ಸಾರು, ಹುರಳಿಯನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದ ಕಾಳಿನ ಸಾರು, ಹುಚ್ಚೆಳ್ಳಿನ ಚಟ್ನಿಪುಡಿ ಇವೆಲ್ಲ ಇದೇ ವಂಶದವು. ಕೂಸಿಗೆ ಉಣ್ಣಿಸುವ ರಾಗಿ ಸರಿಗೂ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಜರಡಿ ಹಿಡಿಯುವ ರೂಢಿ ಇತ್ತು.

ರಾಗಿ ಮತ್ತು ಕಾಳಿನ ಈ ಜೋಡಿಯ ಒಳಗಿನ ಪೋಷಣೆಯ ತರ್ಕವನ್ನು ಇಪ್ಪತ್ತನೆಯ ಶತಮಾನದ ಪ್ರಯೋಗಾಲಯಗಳು ಬಿಡಿಸಿ ತೋರಿಸಿದವು. ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳ ಸರಣಿ. ಅವುಗಳಲ್ಲಿ ಕೆಲವನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು, ಊಟದಿಂದಲೇ ಪಡೆಯಬೇಕು. ನೂರು ಗ್ರಾಂ ರಾಗಿಯಲ್ಲಿ ಪ್ರೋಟೀನ್ ಇರುವುದು 7 ಗ್ರಾಮಿನಷ್ಟು ಮಾತ್ರ. ಅದರಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಚೆನ್ನಾಗಿದ್ದರೂ ಲೈಸಿನ್ ಎಂಬುದು ಕಡಿಮೆ. ಒಣ ಅವರೆ ಮತ್ತು ಹುರಳಿಯಲ್ಲಿ ಪ್ರೋಟೀನ್ 20 ಗ್ರಾಂ ದಾಟುತ್ತದೆ, ಲೈಸಿನ್ ಧಾರಾಳವಾಗಿದೆ, ಮೆಥಿಯೋನಿನ್ ಕೊರತೆಯಿದೆ. ಆದ್ದರಿಂದ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮೊದಲ ನಿರ್ದೇಶಕರಾದ ವಿ. ಸುಬ್ರಹ್ಮಣ್ಯನ್ ಮತ್ತು ಅವರ ಸಹೋದ್ಯೋಗಿಗಳು 1955ರಲ್ಲಿ ರಾಗಿಯನ್ನೊಳಗೊಂಡ ಬಡ ಸಸ್ಯಾಹಾರದಲ್ಲಿ ಸಾರಜನಕ, ಕ್ಯಾಲ್ಸಿಯಂಗಳು ಮನುಷ್ಯದೇಹಕ್ಕೆ ಹೇಗೆ ಒದಗುತ್ತವೆಂದು ಅಳೆದು ಪ್ರಕಟಿಸಿದರು. 1969ರಲ್ಲಿ ಮೈಸೂರಿನಿಂದಲೇ ಬಂದ ಇನ್ನೊಂದು ಅಧ್ಯಯನವು ರಾಗಿ ಊಟಕ್ಕೆ ಲೈಸಿನನ್ನೋ ಎಲೆಯಿಂದ ತೆಗೆದ ಪ್ರೋಟೀನನ್ನೋ ಸೇರಿಸಿದಾಗ ಮಕ್ಕಳ ಬೆಳವಣಿಗೆ ಉತ್ತಮಗೊಂಡುದನ್ನು ದಾಖಲಿಸಿತು. ಅಕ್ಕಡಿ ಸಾಲು ಮತ್ತು ಬೆರಕೆ ಸೊಪ್ಪು ಕೂಡಿ ಈ ದಿಕ್ಕಿನ ಕೆಲಸವನ್ನೇ ಮಾಡುತ್ತಿದ್ದವೆಂಬುದು ಗಮನಾರ್ಹ.

ಇನ್ನು ಗಮನ ಕೊರತೆಯ ವಿಷಯ. ಒಂದೆಡೆ ಮನಸ್ಸು ನಿಲ್ಲಿಸಲಾಗದ, ಕೂತಲ್ಲಿ ಕೂರಲಾಗದ, ಯೋಚಿಸುವ ಮೊದಲೇ ಮುನ್ನುಗ್ಗುವ ಮಕ್ಕಳನ್ನು ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲಿ ವಿವರಿಸಿದನು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇದಕ್ಕೆ ಗಮನ ಕೊರತೆಯ ಹೆಸರು ಕೊಟ್ಟಿತು, 1987ರಲ್ಲಿ ಅತಿಚಟುವಟಿಕೆಯೂ ಸೇರಿ ಈಗಿನ ಎಡಿಎಚ್‌ಡಿ ಎಂಬ ಹೆಸರು ಬಂದಿತು. ಇದರಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದು. ಆಹಾರದ ಮಾತು ಇಲ್ಲಿಗೆ ಬಂದದ್ದು ಡೋಪಮಿನ್ ಮತ್ತು ನಾರ್‌ಅಡ್ರೆನಲಿನ್ ಎಂಬ ಮೆದುಳಿನ ಸಂದೇಶವಾಹಕಗಳ ಮೂಲಕ: ಗಮನವನ್ನು ಹಿಡಿದಿಡಲು ನೆರವಾಗುವ ಈ ಎರಡೂ ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ತಯಾರಾಗುತ್ತವೆ, ಟೈರೋಸಿನ್ ಪ್ರೋಟೀನಿನಿಂದ ಬರುತ್ತದೆ. ಹಾಗಾದರೆ ಪ್ರೋಟೀನ್ ಹೆಚ್ಚಿಸಿದರೆ ಗಮನವೂ ಹೆಚ್ಚಬೇಕಲ್ಲವೇ ಎಂಬ ಊಹೆ ಸಹಜವಾದದ್ದೇ. ಆದರೆ 1987ರಲ್ಲಿ ಅಮೆರಿಕದಲ್ಲಿ ಈ ತೊಂದರೆಯಿದ್ದ ವಯಸ್ಕರಿಗೆ ಟೈರೋಸಿನ್ ಕೊಟ್ಟು ನೋಡಿದಾಗ ಎರಡು ವಾರದಲ್ಲಿ ಹಲವರಲ್ಲಿ ಕಂಡ ಸುಧಾರಣೆ ಆರು ವಾರದ ಹೊತ್ತಿಗೆ ಉಳಿಯಲಿಲ್ಲ. ಪ್ರೋಟೀನ್ ಪುಡಿಯ ಡಬ್ಬಿಗಳಿಂದ ಮಗುವಿನ ಚಂಚಲತೆ ವಾಸಿಯಾದೀತೆಂಬ ಭರವಸೆಗೆ ಆಧಾರವಿಲ್ಲ.

ಕಬ್ಬಿಣಾಂಶದ ಕಥೆ ಬೇರೆ. ಟೈರೋಸಿನನ್ನು ಡೋಪಮಿನ್ನಿನ ದಾರಿಗೆ ತಿರುಗಿಸುವ ಕಿಣ್ವ ಕಬ್ಬಿಣವಿಲ್ಲದೆ ಕೆಲಸ ಮಾಡದು. ಫ್ರಾನ್ಸಿನ ಸಂಶೋಧಕರು 2004ರಲ್ಲಿ ಎಡಿಎಚ್‌ಡಿ ಇರುವ ಮಕ್ಕಳ ರಕ್ತದಲ್ಲಿ ಕಬ್ಬಿಣದ ಸಂಗ್ರಹವನ್ನು ಸೂಚಿಸುವ ಫೆರಿಟಿನ್ ಇತರ ಮಕ್ಕಳಿಗಿಂತ ಕಡಿಮೆಯಿರುವುದನ್ನು ಕಂಡರು. ಮಹಾರಾಷ್ಟ್ರದ ಶಾಲಾ ಹರೆಯದವರಿಗೆ ಕಬ್ಬಿಣಾಂಶ ಹೆಚ್ಚಿರುವ ಸಜ್ಜೆಯನ್ನು ಆರು ತಿಂಗಳು ಉಣಿಸಿ ನಡೆಸಿದ, 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರ ಗಮನ ಮತ್ತು ನೆನಪು ಉತ್ತಮಗೊಂಡವು. ಅವರು ಎಡಿಎಚ್‌ಡಿ ರೋಗಿಗಳಾಗಿರಲಿಲ್ಲ, ಸಾಮಾನ್ಯ ವಿದ್ಯಾರ್ಥಿಗಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆಯಿದೆ. ಇಂಥ ರಾಜ್ಯದಲ್ಲಿ ತರಗತಿಯಲ್ಲಿ ಪಾಠದ ಕಡೆ ಮನಸ್ಸಿಲ್ಲದ ಮಗು ಎಂದೊಡನೆ ಮೆದುಳಿನ ಜನ್ಮಜಾತ ತೊಂದರೆಯನ್ನೇ ಊಹಿಸುವುದು ಸರಿಯಲ್ಲ. ರಾಗಿಯಲ್ಲಿ ಕಬ್ಬಿಣವಿದ್ದರೂ ಅದರಲ್ಲಿರುವ ಫೈಟೇಟ್ ಎಂಬ ವಸ್ತು ಆ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಮೊಳಕೆ ಕಟ್ಟಿದರೆ ಫೈಟೇಟ್ ಇಳಿಯುತ್ತದೆ, ಊಟಕ್ಕೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣದ ಹೀರಿಕೆ ಹೆಚ್ಚುತ್ತದೆ. ಅಜ್ಜಿಯರ ಮೊಳಕೆಯ ರಾಗಿ ಸರಿಗೆ ಇರುವ ಬೆಲೆ ಇಲ್ಲಿ ತಿಳಿಯುತ್ತದೆ.

ರಾಗಿ ಮತ್ತು ಕಾಳಿನ ಈ ಜೋಡಿ ಸಡಿಲಗೊಂಡದ್ದು ಒಂದೇ ಕಾರಣದಿಂದಲ್ಲ. ರೇಷ್ಮೆ ಹಬ್ಬಿದಂತೆ ಹಿಪ್ಪುನೇರಳೆ ಹೊಲಗಳನ್ನು ಹಿಡಿಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ನವರು ಭಾರತ ಮತ್ತು ಆಫ್ರಿಕಾದ ತಳಿಗಳನ್ನು ಕೂಡಿಸಿ ರೂಪಿಸಿದ ಇಂಡಾಫ್ ತಳಿಗಳು ರಾಗಿಯ ಇಳುವರಿಯನ್ನು ಎತ್ತರಿಸಿದವು. ಅದು ನಾಡಿಗೆ ಆದ ದೊಡ್ಡ ಉಪಕಾರ. ಆದರೆ ಕೂಲಿಯಾಳು ಸಿಗದೆ ಕಳೆನಾಶಕ ಮತ್ತು ಕೊಯ್ಲಿನ ಯಂತ್ರ ಬಂದಾಗ ಅವಕ್ಕೆ ಅಡ್ಡಿಯೆನಿಸಿದ ಅಕ್ಕಡಿ ಸಾಲು ಹಲವೆಡೆ ಮಾಯವಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಎಚ್‌ಎ–3, ಎಚ್‌ಎ–4ರಂಥ ಎಲ್ಲ ಕಾಲಕ್ಕೂ ಬರುವ ಅವರೆ ತಳಿಗಳು ಅವರೆಯನ್ನು ತರಕಾರಿ ಬೆಳೆಯಾಗಿಸಿದವು, ಮಾಗಡಿಯ ಸೊಗಡವರೆಯೂ ಮೂಟೆಗಟ್ಟಲೆ ಬೆಂಗಳೂರಿನ ಮಾರುಕಟ್ಟೆಗೆ ಹೋಗುತ್ತದೆ. ಪಡಿತರದ ಅಕ್ಕಿ ಹಸಿವನ್ನು ನೀಗಿತು, ಕಾಳಿನ ಸ್ಥಾನವನ್ನು ತುಂಬಲಿಲ್ಲ. ಹೈನುಗಾರಿಕೆ ನೆಚ್ಚಿದ ಮನೆಗಳಲ್ಲಿ ಹಾಲಿನ ಬಹುಪಾಲು ಡೇರಿಗೆ ಹೋಗುತ್ತದೆ. ಹಾಲಿನಂತೆಯೇ ಇಲ್ಲಿನ ತಟ್ಟೆಗೆ ಬಾರದ ಇನ್ನೊಂದು ಪ್ರೋಟೀನೂ ಇದೆ: ರಾಮನಗರದ ಬಿಚ್ಚಣಿಕೆ ಘಟಕಗಳಲ್ಲಿ ನೂಲು ತೆಗೆದ ಮೇಲೆ ಉಳಿಯುವ ರೇಷ್ಮೆಕೋಶದ ಹುಳುವಿನ ಒಣತೂಕದಲ್ಲಿ ಅರ್ಧದಷ್ಟು ಪ್ರೋಟೀನ್. ಅಸ್ಸಾಮಿನಲ್ಲಿ ಏರಿ ರೇಷ್ಮೆಯ ಹುಳುವನ್ನು ಉಣ್ಣುತ್ತಾರೆ, ಇಲ್ಲಿ ಅದು ಕೋಳಿ ಮತ್ತು ಮೀನಿನ ಮೇವು.

ಮನೆಯ ತಟ್ಟೆ ಕಳೆದುಕೊಂಡದ್ದರಲ್ಲಿ ಒಂದಿಷ್ಟನ್ನು ಶಾಲೆಯ ತಟ್ಟೆ ಮರಳಿ ಕೊಡಲು ಯತ್ನಿಸಿದೆ. 2001ರ ಸುಪ್ರೀಂ ಕೋರ್ಟ್ ಆದೇಶದ ನಂತರ ಅಕ್ಷರ ದಾಸೋಹದ ಬಿಸಿಯೂಟ, 2013ರ ಆಗಸ್ಟಿನಿಂದ ಕ್ಷೀರಭಾಗ್ಯದ 150 ಮಿಲಿ ಹಾಲು, 2024ರಲ್ಲಿ ಹಾಲಿನೊಂದಿಗೆ ರಾಗಿ ಮಾಲ್ಟ್ ಮತ್ತು ವಾರದ ಆರು ದಿನ ಮೊಟ್ಟೆ ಬಂದವು. ಬಿಸಿಯೂಟದ ನಿಯಮದಂತೆ ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 12 ಗ್ರಾಂ, ಹಿರಿಯ ಪ್ರಾಥಮಿಕದ ಮಗುವಿಗೆ 20 ಗ್ರಾಂ ಪ್ರೋಟೀನ್ ದೊರೆಯಬೇಕು. ಈ ನಾಲ್ಕು ತಾಲ್ಲೂಕುಗಳ ಶಾಲೆಗಳು ಅವರೆ, ಹುರಳಿಗಳನ್ನು ಇಲ್ಲಿನ ರೈತರಿಂದಲೇ ಕೊಂಡು ವಾರಕ್ಕೆ ಎರಡು ದಿನವಾದರೂ ಕಾಳುಸೊಪ್ಪಿನ ಸಾರು ಬಡಿಸಿದರೆ ಅಕ್ಕಡಿ ಸಾಲಿಗೆ ಮತ್ತೆ ಬೆಲೆ ಬಂದೀತು. ವೈದ್ಯರು ಎಡಿಎಚ್‌ಡಿ ಎಂದು ನಿರ್ಧರಿಸಿ ಔಷಧ ಕೊಟ್ಟಿದ್ದರೆ ಊಟವನ್ನು ನಂಬಿ ಅದನ್ನು ನಿಲ್ಲಿಸಬಾರದು. ಹಾಗೆಯೇ, ಚಂಚಲನೆಂದು ಮಗುವಿಗೆ ಹಣೆಪಟ್ಟಿ ಹಚ್ಚುವ ಮೊದಲು ಅದು ಬೆಳಿಗ್ಗೆ ಏನು ತಿಂದು ಬಂದಿದೆಯೆಂದು ಶಿಕ್ಷಕರು ಕೇಳಲಿ, ತಂದೆತಾಯಿಗಳು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲಿ.