ಠಗ್ಗರ ಕಾಲದಿಂದ ಓಟಿಪಿ ಕಾಲಕ್ಕೆ

ಮೋಸಗಾರನಿಗೆ ನಾವು ಠಕ್ಕ ಅನ್ನುತ್ತೇವೆ. ಹಿಂದಿಯ ಠಗ್ ಶಬ್ದವೂ ಇದೇ ಬಳಗದ್ದು. ನಿಜಾಮರ ಸೇವೆಯಲ್ಲಿದ್ದ, ಮುಂದೆ ನಮ್ಮ ಸುರಪುರದಲ್ಲಿ ಹೆಸರು ಮಾಡಿದ ಮೆಡೋಸ್ ಟೇಲರ್, ಠಗ್ಗನೊಬ್ಬ ತನ್ನ ಕಥೆ ತಾನೇ ಹೇಳುವಂತೆ 1839ರಲ್ಲಿ ಒಂದು ಕಾದಂಬರಿ ಬರೆದ. ಠಗ್ಗರು ಎಷ್ಟು ಜನರಿದ್ದರು, ಇಂಗ್ಲಿಷರು ಎಷ್ಟು ಹಿಗ್ಗಿಸಿ ಬರೆದರು ಎಂಬ ಚರ್ಚೆ ಇತಿಹಾಸಕಾರರಲ್ಲಿ ಇನ್ನೂ ಇದೆ. ಆದರೆ ಅವರ ರೀತಿ ಎಂದು ದಾಖಲಾಗಿರುವುದು ಇಷ್ಟು: ದಾರಿಯಲ್ಲಿ ಜೊತೆಯಾಗುವುದು, ಸಿಹಿಯಾಗಿ ಮಾತಾಡುವುದು, ಮುಂದೆ ಕಳ್ಳರ ಭಯವಿದೆ, ಕೂಡಿ ಹೋಗೋಣ ಎನ್ನುವುದು. ಅಂದರೆ ಕಳ್ಳನೇ ಕಳ್ಳರ ಭಯ ಹುಟ್ಟಿಸುತ್ತಿದ್ದ.

ಇದನ್ನು ಯಾಕೆ ನೆನೆಯುತ್ತಿದ್ದೇವೆಂದರೆ, ನಮ್ಮ ಆರನೇ ತರಗತಿಯ ಹುಡುಗನ ಮನೆಗೆ ಬಂದ ಫೋನೂ ಹಾಗೆಯೇ ಇತ್ತು. "ನಿಮ್ಮ ಖಾತೆಯಿಂದ ಯಾರೋ ಹಣ ತೆಗೆಯುತ್ತಿದ್ದಾರೆ, ಕೂಡಲೇ ನಿಲ್ಲಿಸಬೇಕು" ಎಂದು ಹಿಂದಿಯಲ್ಲಿ ಒಬ್ಬ ಹೇಳಿದ. ಆಯಿಗೆ ಓದು ಬಾರದು. ಸೋಯಾ ಮಾರಿದ ಹಣ ಖಾತೆಯಲ್ಲಿತ್ತು. ಮೊಬೈಲಿಗೆ ಬಂದ ಆರು ಅಂಕಿಗಳನ್ನು ಮೊಮ್ಮಗ ಓದಿ ಹೇಳಿದ. ಹಣ ಹೋಯಿತು.

"ನಾನೇ ಓದಿ ಹೇಳಿನ್ರಿ ಸರ್" ಎಂದು ಮಾರನೆಯ ದಿನ ಹುಡುಗ ತಲೆ ತಗ್ಗಿಸಿ ನಿಂತ. ಅಂಕಿಗಳನ್ನು ಕಲಿಸಿದವರು ನಾವೇ.

ನಮ್ಮ ಊರಿನ ಇತಿಹಾಸವೂ ಇಲ್ಲಿ ಸ್ವಲ್ಪ ಬರುತ್ತದೆ. 1956ರ ನವೆಂಬರ್ 1ರಂದು ಬೀದರ್ ತಾಲೂಕಿನ ನ್ಯಾಲ್ಕಲ್ ಸರ್ಕಲ್, ಜಹೀರಾಬಾದ್ ಮತ್ತು ನಾರಾಯಣಖೇಡ ತಾಲೂಕುಗಳ ಜೊತೆ ಆಂಧ್ರಪ್ರದೇಶಕ್ಕೆ ಸೇರಿತು. ಗುಲ್ಬರ್ಗಾದ ತಾಂಡೂರು, ಕೊಡಂಗಲ್ ಕೂಡ. ಮನೆಮಾತು ಕನ್ನಡ, ಕಚೇರಿ ಕಾಗದ ತೆಲುಗು, ಬ್ಯಾಂಕಿನ ಸಂದೇಶ ಇಂಗ್ಲಿಷ್, ಫೋನಿನ ಠಕ್ಕನದು ಹಿಂದಿ. ನಾಲ್ಕು ಭಾಷೆಯಲ್ಲಿ ಅರ್ಧರ್ಧ ತಿಳಿಯುವವರಿಗೆ "ಇದು ಸುಳ್ಳು" ಎಂದು ಅನ್ನಿಸುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಈ ಆರು ಅಂಕಿಗಳಿಗೂ ಒಂದು ಚರಿತ್ರೆ ಇದೆ. 2009ರ ಆಗಸ್ಟ್ 1ರಿಂದ, ಇಂಟರ್‌ನೆಟ್ಟಿನಲ್ಲಿ ಕಾರ್ಡು ಬಳಸುವಾಗ ಕಾರ್ಡಿನ ಮೇಲೆ ಅಚ್ಚಾದ ವಿವರಗಳಷ್ಟೇ ಸಾಲದು, ಇನ್ನೊಂದು ಗುಟ್ಟಿನ ಗುರುತು ಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿತು. ಬರಬರುತ್ತಾ ಮೊಬೈಲಿಗೆ ಬರುವ ಓಟಿಪಿಯೇ ಆ ಗುಟ್ಟಾಯಿತು. ಒಳ್ಳೆಯ ಬೀಗವೇ. ಕಾರ್ಡಿನ ನಂಬರ್ ಕದ್ದವನಿಗೆ ಬಾಗಿಲು ಮುಚ್ಚಿತು. ಆಗ ಅವನು ಬೀಗ ಬಿಟ್ಟು ಮನೆಯವರನ್ನೇ ಮಾತಾಡಿಸತೊಡಗಿದ. ಜಾರ್ಖಂಡಿನ ಜಾಮತಾಡಾ ಜಿಲ್ಲೆಯ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಇಂಥ ಫೋನುಗಳಿಂದಲೇ. (ಅಲ್ಲಿಯ ಮೇಷ್ಟ್ರುಗಳು ತಮ್ಮ ಊರಿನ ಹೆಸರು ಹೇಳಲು ಎಷ್ಟು ಸಂಕೋಚಪಡುತ್ತಾರೋ!) 2016ರಲ್ಲಿ ಯುಪಿಐ ಬಂತು. ಅದರಲ್ಲಿ ಹಣ ಕಳಿಸಲು ಮಾತ್ರ ಪಿನ್ ಬೇಕು, ಪಡೆಯಲು ಬೇಡ. ಆದರೂ "ಹಣ ಬರುತ್ತದೆ, ಪಿನ್ ಒತ್ತಿ" ಅಂದರೆ ಒತ್ತುವವರಿದ್ದಾರೆ. ಇತ್ತೀಚೆಗೆ ಪೊಲೀಸ್ ವೇಷ ಹಾಕಿ ವಿಡಿಯೊ ಕರೆ ಮಾಡಿ "ಡಿಜಿಟಲ್ ಅರೆಸ್ಟ್" ಎನ್ನುತ್ತಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ರೇಡಿಯೊದಲ್ಲಿ ಇದನ್ನು ಹೇಳಬೇಕಾಯಿತು.

ಹುಡುಗನ ಮನೆಯವರು 1930ಕ್ಕೆ ಫೋನ್ ಮಾಡಿದ್ದು ಮಾರನೆಯ ದಿನ, ಅದೂ ನಾವು ಹೇಳಿದ ಮೇಲೆ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುತ್ತದೆ. ಬೇಗ ಹೇಳಿದರೆ ನಡುವೆ ಎಲ್ಲಾದರೂ ತಡೆಹಿಡಿಯಬಹುದು. ಒಂದು ರಾತ್ರಿ ಕಳೆದಿತ್ತು. ಆಯಿಗೆ ಸ್ವಲ್ಪವೂ ಮರಳಿ ಬರಲಿಲ್ಲ.

ಆಮೇಲೆ ಆ ಸಂದೇಶವನ್ನು ನಾವು ನೋಡಿದೆವು. ಅಂಕಿಗಳ ಪಕ್ಕದಲ್ಲೇ, ಯಾರಿಗೂ ಹೇಳಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಹುಡುಗ ಅಂಕಿ ಓದಿದ್ದ, ಸಾಲು ಓದಿರಲಿಲ್ಲ. ಓದಿದರೂ ತಿಳಿಯುತ್ತಿರಲಿಲ್ಲ.

ಈಗ ಆ ಸಾಲನ್ನು ಬೋರ್ಡಿನ ಮೇಲೆ ಬರೆದು, ಕೆಳಗೆ ಕನ್ನಡದಲ್ಲಿ ಅರ್ಥ ಬರೆಸುತ್ತೇವೆ. ಆದರೆ ಆ ಹುಡುಗ ಆಯಿಯ ಮೊಬೈಲ್ ಮುಟ್ಟುವುದನ್ನೇ ಬಿಟ್ಟಿದ್ದಾನೆ. ಪಿಂಚಣಿಯ ಸಂದೇಶ ಬಂದರೂ ಓದಿ ಹೇಳುವುದಿಲ್ಲವಂತೆ. ಮೊನ್ನೆ ಆಯಿ ಮೊಬೈಲ್ ಹಿಡಿದುಕೊಂಡು ಶಾಲೆಗೇ ಬಂದಿದ್ದರು. ನಾವು ಓದಲಿಲ್ಲ. ತರಗತಿಯಿಂದ ಅವನನ್ನೇ ಕರೆದು ಓದಿಸಿದೆವು, ಮೊದಲ ಅಕ್ಷರದಿಂದ ಕೊನೆಯವರೆಗೆ.