ಹಿಜ್ರತ್ ಹೋದ ಮಕ್ಕಳು, ಊರಲ್ಲುಳಿದ ಹೆತ್ತವರು

ಕಳೆದ ಶಅಬಾನಿನಲ್ಲಿ ಒಂದು ಜುಮುಅ ಮುಗಿದ ಮೇಲೆ ನಮ್ಮ ಜಮಾಅತಿನ ಒಬ್ಬರು ಮಸೀದಿಯ ಜಗಲಿಯಲ್ಲಿ ನನಗಾಗಿ ಕಾದು ನಿಂತಿದ್ದರು. ಗಲ್ಫಿನಲ್ಲಿ ಕೆಲಸ, ರಜೆಯಲ್ಲಿ ಊರಿಗೆ ಬಂದವರು. "ಉಸ್ತಾದರೇ, ಬಾಪ ತೀರಿಕೊಂಡ ಮೇಲೆ ಉಮ್ಮ ಮನೆಯಲ್ಲಿ ಒಬ್ಬರೇ. ನನ್ನ ಜೊತೆ ಬನ್ನಿ ಅಂದರೆ ಒಪ್ಪುವುದಿಲ್ಲ. ನೀವು ಬಂದು ಒಂದು ಹದೀಸ್ ಹೇಳಿದರೆ ಕೇಳುತ್ತಾರೆ" ಅಂದರು.

ಹಲವು ವರ್ಷಗಳ ಹಿಂದೆ ಇಂಥದ್ದೇ ಮಾತಿಗೆ ನಾನು ಕೂಡಲೇ ಹೊರಟುಬಿಟ್ಟಿದ್ದೆ. ಹೆತ್ತವರ ಸೇವೆಗೆ ಮಗ ಕರೆಯುವಾಗ ಬೇಡ ಎನ್ನಬಾರದು ಎಂದು ಒಬ್ಬ ವೃದ್ಧೆಗೆ ಬುದ್ಧಿ ಹೇಳಿ ಬಂದಿದ್ದೆ. ಆಕೆ ಹೋದರು, ನಾಲ್ಕೇ ತಿಂಗಳಲ್ಲಿ ಮರಳಿದರು. ಮಗನೂ ಸೊಸೆಯೂ ಒಳ್ಳೆಯವರೇ. ಆದರೆ ಬೆಳಿಗ್ಗೆ ಮುಚ್ಚಿದ ಬಾಗಿಲು ಸಂಜೆಯೇ ತೆರೆಯುತ್ತಿತ್ತು. ಮಾತನಾಡಲು ಅಕ್ಕಪಕ್ಕ ಯಾರೂ ಇಲ್ಲ, ಲಿಫ್ಟ್ ಹತ್ತಲು ಭಯ. ಆಕೆ ನನ್ನಲ್ಲಿ ಯಾವ ದೂರನ್ನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು. ನಾನು ಮಗನ ಮಾತನ್ನಷ್ಟೇ ಕೇಳಿದ್ದೆ, ತಾಯಿಯನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಹಾಗಾಗಿ ಈ ಸಲ ಸ್ವಲ್ಪ ಸಮಯ ಕೊಡಿ ಎಂದೆ. ನಮ್ಮ ಚರಿತ್ರೆಯೇ ಹಿಜ್ರತ್‌ನಿಂದ ಆರಂಭವಾಗುತ್ತದೆ, ವರ್ಷಗಳನ್ನು ನಾವು ಎಣಿಸುವುದೂ ಅಲ್ಲಿಂದಲೇ. ಊರು ಬಿಟ್ಟು ಹೋದ ಆ ಮಕ್ಕಳು ಹೆತ್ತವರ ವಿಷಯದಲ್ಲಿ ಏನು ಮಾಡಿದರು? ಕಿತಾಬುಗಳಲ್ಲಿ ಹುಡುಕಿದ್ದನ್ನು ಎರಡು ಶುಕ್ರವಾರ ಖುತುಬಾದಲ್ಲಿ ಹೇಳಿದೆ. ಅದರ ಸಾರ ಇಲ್ಲಿದೆ.

ಪರದೇಶದಲ್ಲಿ ನೆಲೆಗೊಂಡ ಮಗ ಹೆತ್ತವರನ್ನು ಕರೆಸಿಕೊಂಡ ಘಟನೆ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಯೂಸುಫ್(ಅ). ಕುರ್‌ಆನಿನ 12ನೇ ಅಧ್ಯಾಯದಲ್ಲಿ ಅದರ ವಿವರವಿದೆ. ಬರಗಾಲದಲ್ಲಿ ಧಾನ್ಯಕ್ಕಾಗಿ ಈಜಿಪ್ಟಿಗೆ ಬಂದ ಅಣ್ಣಂದಿರ ಕೈಯಲ್ಲಿ ಅವರು ತಮ್ಮ ಅಂಗಿ ಕೊಟ್ಟು ಕಳಿಸುತ್ತಾರೆ. ಅತ್ತು ಅತ್ತು ಕಣ್ಣು ಕಳೆದುಕೊಂಡಿದ್ದ ತಂದೆ ಯಅ್‌ಕೂಬ್(ಅ)ರಿಗೆ ಅದರಿಂದ ದೃಷ್ಟಿ ಮರಳುತ್ತದೆ. ಯೂಸುಫ್(ಅ) ಕರೆಸಿದ್ದು ತಂದೆಯೊಬ್ಬರನ್ನಲ್ಲ, ಇಡೀ ಕುಟುಂಬವನ್ನು. ಇದು ಸಣ್ಣ ಮಾತಲ್ಲ. ಮುದುಕರನ್ನು ಅವರ ಜನರ ನಡುವಿನಿಂದ ಕಿತ್ತು ತರಲಿಲ್ಲ, ಜನರನ್ನೂ ಜೊತೆಗೇ ತಂದರು. ಹೆತ್ತವರನ್ನು ಎದುರುಗೊಳ್ಳಲು ಅವರು ಪಟ್ಟಣದ ಹೊರಗೇ ಬಂದಿದ್ದರೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಬಳಿಕ ಅವರನ್ನು ಸಿಂಹಾಸನದ ಮೇಲೆ ಕೂರಿಸಿದರು. ಸರಕಾರದ ಅಧಿಕಾರಿಯೊಬ್ಬ ಮರುಭೂಮಿಯಿಂದ ಬಂದ ತನ್ನ ಮುದಿ ತಂದೆಯನ್ನು ಒಳಕೋಣೆಯಲ್ಲಿ ಇರಿಸಲಿಲ್ಲ, ದೇಶಕ್ಕೆ ಕಾಣುವಂತೆ ಇರಿಸಿದ.

ಅಲ್ಲಿಗೇ ನಾವು ಸಾಮಾನ್ಯವಾಗಿ ಕಥೆ ನಿಲ್ಲಿಸುತ್ತೇವೆ. ಆದರೆ ಚರಿತ್ರೆಕಾರರು ಇನ್ನೊಂದು ವಿಷಯ ಹೇಳುತ್ತಾರೆ. ಯಅ್‌ಕೂಬ್(ಅ) ಈಜಿಪ್ಟಿನಲ್ಲೇ ನಿಧನರಾದರು, ತಮ್ಮನ್ನು ಹಿರಿಯರ ಬಳಿಯೇ ದಫನ ಮಾಡಬೇಕೆಂದು ವಸಿಯ್ಯತ್ ಮಾಡಿದ್ದರು, ಮಗ ಅವರ ದೇಹವನ್ನು ಶಾಮಿಗೆ ಒಯ್ದರು ಎಂದು. ಫೆಲೆಸ್ತೀನಿನ ಅಲ್‌ಖಲೀಲ್ ಪಟ್ಟಣದ ಇಬ್ರಾಹೀಮಿ ಮಸೀದಿಯಲ್ಲಿ ಅವರ ಹೆಸರಿನ ಸಮಾಧಿ ಇಂದಿಗೂ ಇದೆ. ಸಿಂಹಾಸನದ ಮೇಲೆ ಕುಳಿತ ತಂದೆಗೂ ತನ್ನ ಮಣ್ಣಿನ ನೆನಪು ಹೋಗಿರಲಿಲ್ಲ. ನಮ್ಮ ಊರಿನ ಹಿರಿಯರು ವಿಮಾನ ಹತ್ತಲು ಹಿಂಜರಿಯುವುದೂ ಬಹಳ ಸಲ ಇದೇ ಕಾರಣಕ್ಕೆ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಇನ್ನು ಮದೀನಾಕ್ಕೆ ಬರೋಣ. ಅಬೂಹುರೈರಾ(ರ) ಯಮನ್ ಕಡೆಯ ದೌಸ್ ಗೋತ್ರದವರು. ಹಿಜಿರಾ 7ರಲ್ಲಿ ಖೈಬರಿನ ಸಮಯಕ್ಕೆ ಮದೀನಾಕ್ಕೆ ಬಂದರು. ಸ್ವಂತದ್ದು ಏನೂ ಇಲ್ಲ. ಮಸೀದಿಯ ಸುಫ್ಫಾದಲ್ಲಿ ವಾಸ, ಹಸಿವು ತಾಳಲಾರದೆ ಹೊಟ್ಟೆಗೆ ಕಲ್ಲು ಕಟ್ಟಿಕೊಂಡ ದಿನಗಳು. ಇಂಥವರ ತಾಯಿಯೂ ಮದೀನಾದಲ್ಲಿ ಅವರ ಆಸರೆಯಲ್ಲಿದ್ದರು. ಮೊದಲು ಸ್ವಲ್ಪ ಸಂಬಳ ಏರಲಿ, ದೊಡ್ಡ ಮನೆ ಆಗಲಿ, ಆಮೇಲೆ ಕರೆಸಿಕೊಳ್ಳೋಣ ಎನ್ನುವ ಲೆಕ್ಕ ಅಲ್ಲಿ ಇರಲಿಲ್ಲ. ಒಮ್ಮೆ ಪ್ರವಾದಿ(ಸ) ಹಸಿದವರಿಗೆಲ್ಲ ಎರಡೆರಡು ಖರ್ಜೂರ ಹಂಚಿದಾಗ ಅಬೂಹುರೈರಾ(ರ) ಒಂದನ್ನು ತಿಂದು ಇನ್ನೊಂದನ್ನು ಮಡಿಲಲ್ಲಿ ಅಡಗಿಸಿಟ್ಟರು. ಯಾಕೆಂದು ಕೇಳಿದಾಗ ತಾಯಿಗೆ ಎಂದರು. ನೀನು ಅದನ್ನು ತಿನ್ನು, ತಾಯಿಗೆ ಬೇರೆ ಎರಡು ಕೊಡುತ್ತೇವೆ ಎಂದು ಪ್ರವಾದಿ(ಸ) ಹೇಳಿದರೆಂದು ಇಬ್ನು ಸಅದ್ ದಾಖಲಿಸಿದ್ದಾರೆ.

ಆ ತಾಯಿ ಆಗಿನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಒಂದು ದಿನ ಪ್ರವಾದಿ(ಸ)ರ ಬಗ್ಗೆ ಕೆಟ್ಟ ಮಾತನ್ನೂ ಆಡಿದರು. ಮಗ ಅಳುತ್ತಾ ಪ್ರವಾದಿಯವರ ಬಳಿಗೆ ಹೋದದ್ದು ತಾಯಿಯನ್ನು ದೂರಲಿಕ್ಕಲ್ಲ, ಅವರಿಗಾಗಿ ದುಆ ಕೇಳಲಿಕ್ಕೆ. ಮರಳಿ ಬಂದಾಗ ಬಾಗಿಲು ಮುಚ್ಚಿತ್ತು, ಒಳಗೆ ನೀರಿನ ಸದ್ದು. ಅಲ್ಲೇ ನಿಲ್ಲು ಎಂದು ತಾಯಿ ಒಳಗಿನಿಂದಲೇ ಹೇಳಿದರು. ಸ್ನಾನ ಮುಗಿಸಿ ಬಟ್ಟೆ ಧರಿಸಿ ಬಾಗಿಲು ತೆರೆದು ಶಹಾದತ್ ಉಚ್ಚರಿಸಿದರು. ಮಗ ಮತ್ತೆ ಅಳುತ್ತಲೇ ಓಡಿದರು, ಈ ಸಲ ಸಂತೋಷದಿಂದ. ಸ್ವಹೀಹ್ ಮುಸ್ಲಿಮಿನಲ್ಲಿರುವ ಈ ಘಟನೆಯನ್ನು ನಾವು ದುಆದ ಮಹಿಮೆಗಾಗಿ ಓದುತ್ತೇವೆ. ಮನೆಯಲ್ಲಿ ದಿನವೂ ಮನಸ್ಸಿಗೆ ನೋವಾಗುವ ಮಾತು ಕೇಳಿಯೂ ತಾಯಿಯನ್ನು ದೂರ ಮಾಡದ ಮಗನಿಗಾಗಿಯೂ ಓದಬೇಕು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇಮಾಮ್ ಬುಖಾರಿಯವರ ಅಲ್‌ಅದಬುಲ್ ಮುಫ್ರದ್ ಗ್ರಂಥದಲ್ಲಿರುವ ಒಂದು ಚಿಕ್ಕ ವಿವರ. ವರ್ಷಗಳು ಕಳೆದಿವೆ. ಮದೀನಾದ ಗವರ್ನರ್ ಮರ್ವಾನ್, ತಾನಿಲ್ಲದಾಗ ಅಧಿಕಾರವನ್ನು ಅಬೂಹುರೈರಾ(ರ)ರಿಗೆ ವಹಿಸುತ್ತಿದ್ದ ಕಾಲ. ಅವರ ವಾಸ ದುಲ್‌ಹುಲೈಫಾದಲ್ಲಿ. ತಾಯಿ ಒಂದು ಮನೆಯಲ್ಲಿ, ಮಗ ಇನ್ನೊಂದು ಮನೆಯಲ್ಲಿ. ಹೊರಗೆ ಹೋಗುವ ಮೊದಲು ತಾಯಿಯ ಬಾಗಿಲಲ್ಲಿ ನಿಂತು ಸಲಾಮ್ ಹೇಳುತ್ತಿದ್ದರು, ಚಿಕ್ಕಂದಿನಲ್ಲಿ ನನ್ನನ್ನು ಸಾಕಿದಂತೆ ಅಲ್ಲಾಹನು ನಿಮಗೆ ಕರುಣೆ ತೋರಲಿ ಎಂದು ದುಆ ಮಾಡುತ್ತಿದ್ದರು. ಮುಪ್ಪಿನಲ್ಲಿ ನನ್ನನ್ನು ಚೆನ್ನಾಗಿ ನೋಡಿಕೊಂಡ ನಿನಗೂ ಕರುಣೆ ತೋರಲಿ ಎಂದು ತಾಯಿ ಒಳಗಿನಿಂದ ಹೇಳುತ್ತಿದ್ದರು. ಮರಳಿ ಬಂದಾಗಲೂ ಹೀಗೆಯೇ. ಆಕೆಗೆ ಸ್ವಂತ ಬಾಗಿಲಿತ್ತು. ಆ ಬಾಗಿಲ ಮುಂದೆ ಅಧಿಕಾರಿಯಾದ ಮಗ ದಿನಕ್ಕೆರಡು ಸಲ ನಿಲ್ಲುತ್ತಿದ್ದ. ತಾಯಿ ಇರುವಷ್ಟು ಕಾಲ ಅವರನ್ನು ಬಿಟ್ಟು ಐಚ್ಛಿಕ ಹಜ್ಜ್‌ಗೂ ಹೋಗಲಿಲ್ಲ. ಫ್ಲಾಟಿನಲ್ಲಿ ಎರಡನೇ ಬಾಗಿಲು ಎಲ್ಲಿಂದ ತರುವುದು ಎಂದು ನೀವು ಕೇಳಬಹುದು. ತಾಯಿಯ ಕೋಣೆಯೇ ಮಕ್ಕಳ ಆಟಿಕೆಯನ್ನೂ ಸೂಟ್‌ಕೇಸುಗಳನ್ನೂ ತುಂಬಿಡುವ ಕೋಣೆಯಾಗದಿದ್ದರೆ ಅದೂ ಒಂದು ಬಾಗಿಲೇ.

ಹೆತ್ತವರು ಬರದೇ ಉಳಿದದ್ದೂ ಚರಿತ್ರೆಯಲ್ಲಿದೆ, ಅದೂ ಅಬೂಬಕರ್(ರ)ರ ಮನೆಯಲ್ಲೇ. ಕ್ರಿ.ಶ. 622ರಲ್ಲಿ ಅವರು ಪ್ರವಾದಿ(ಸ)ರ ಜೊತೆ ಹೊರಟಾಗ ಕೈಯಲ್ಲಿದ್ದ ಹಣವನ್ನೆಲ್ಲ ತೆಗೆದುಕೊಂಡು ಹೋಗಿದ್ದರು. ತಂದೆ ಅಬೂಕುಹಾಫಾ ಆಗ ಕಣ್ಣು ಕಾಣದ ವೃದ್ಧರು, ಇಸ್ಲಾಮ್ ಸ್ವೀಕರಿಸಿರಲಿಲ್ಲ. ನಿಮ್ಮನ್ನೆಲ್ಲ ಬರಿಗೈಯಲ್ಲಿ ಬಿಟ್ಟುಹೋದನೇ ಎಂದು ಅವರು ಕಳವಳಗೊಂಡಾಗ ಮೊಮ್ಮಗಳು ಅಸ್ಮಾ(ರ) ಹಣವಿಡುತ್ತಿದ್ದ ಗೂಡಿನಲ್ಲಿ ಕಲ್ಲುಗಳನ್ನಿಟ್ಟು, ಬಟ್ಟೆ ಹೊದಿಸಿ, ಅಜ್ಜನ ಕೈಯನ್ನು ಅದರ ಮೇಲಿಟ್ಟರು. ಅಜ್ಜನಿಗೆ ಸಮಾಧಾನವಾಯಿತು.

ಹಿಜಿರಾ 8ರಲ್ಲಿ ಮಕ್ಕಾ ವಿಜಯವಾಯಿತು. ಅಬೂಬಕರ್(ರ) ತಂದೆಯನ್ನು ಕೈಹಿಡಿದು ಪ್ರವಾದಿ(ಸ)ರ ಬಳಿಗೆ ಕರೆತಂದರು. ಈ ವೃದ್ಧರನ್ನು ಮನೆಯಲ್ಲೇ ಬಿಟ್ಟಿದ್ದರೆ ನಾನೇ ಅಲ್ಲಿಗೆ ಬರುತ್ತಿದ್ದೆನಲ್ಲ ಎಂದು ಪ್ರವಾದಿ(ಸ) ಹೇಳಿದರು. ಮಕ್ಕಾವನ್ನೇ ಗೆದ್ದು ಬಂದ ದಿನಗಳಲ್ಲಿ ಆಡಿದ ಮಾತು ಅದು. ಅಬೂಕುಹಾಫಾ(ರ) ಮುಸ್ಲಿಮರಾದರು, ಆದರೆ ಉಳಿದದ್ದು ಮಕ್ಕಾದಲ್ಲೇ. ಮಗ ಮದೀನಾದಲ್ಲಿ ಖಲೀಫರಾದ ಮೇಲೂ ಅಲ್ಲೇ. ಹಿಜಿರಾ 12ರ ರಜಬಿನಲ್ಲಿ ಉಮ್ರಾಕ್ಕೆ ಬಂದ ಅಬೂಬಕರ್(ರ) ನೇರವಾಗಿ ತಂದೆಯ ಮನೆಗೆ ಹೋದರು. ಬಾಗಿಲಲ್ಲಿ ಕುಳಿತಿದ್ದ ಮುದುಕರಿಗೆ ನಿಮ್ಮ ಮಗ ಬಂದರು ಎಂದು ಯಾರೋ ಹೇಳಿದಾಗ ಅವರು ಏಳಲು ಹೊರಟರು. ಒಂಟೆ ಮಂಡಿಯೂರುವುದನ್ನೂ ಕಾಯದೆ ಖಲೀಫರು ಕೆಳಗಿಳಿದು, ಏಳಬೇಡಿ ಎನ್ನುತ್ತಾ ಹೋಗಿ ಅಪ್ಪಿಕೊಂಡು ಹಣೆಗೆ ಮುತ್ತಿಟ್ಟರು. ಮುದುಕರು ಅತ್ತುಬಿಟ್ಟರು. ಮರುವರ್ಷ ಮಗ ತೀರಿಕೊಂಡರು. ಮಗನ ಆಸ್ತಿಯಲ್ಲಿ ತನಗೆ ಬಂದ ಆರನೇ ಒಂದು ಪಾಲನ್ನು ಅಬೂಕುಹಾಫಾ(ರ) ಮೊಮ್ಮಕ್ಕಳಿಗೇ ಮರಳಿಸಿದರು. ಹಿಜಿರಾ 14ರಲ್ಲಿ 97ನೇ ವಯಸ್ಸಿನಲ್ಲಿ ಮಕ್ಕಾದಲ್ಲೇ ಕಣ್ಣುಮುಚ್ಚಿದರು.

ತಂದೆತಾಯಿಯನ್ನು ಅಳುವಂತೆ ಬಿಟ್ಟು ಹಿಜ್ರತ್‌ಗೆ ಬಂದ ಒಬ್ಬನನ್ನು ಪ್ರವಾದಿ(ಸ), ಹೋಗಿ ಅಳಿಸಿದಂತೆಯೇ ಅವರನ್ನು ನಗಿಸು ಎಂದು ತಿರುಗಿ ಕಳಿಸಿದ್ದು ಅಬೂದಾವೂದಿನಲ್ಲಿದೆ. ಉಮರ್(ರ)ರ ಕಾಲದಲ್ಲಿ ಕಿಲಾಬ್ ಎಂಬವರು ಇರಾಕಿನ ಕಡೆಗೆ ಹೋದಾಗ ಅವರ ಮುದಿ ತಂದೆ ಉಮಯ್ಯಾ ಕೊರಗಿ ಕೊರಗಿ ಖಲೀಫರವರೆಗೆ ಅಳಲು ಮುಟ್ಟಿಸಿದರು. ಉಮರ್(ರ) ಮಗನನ್ನು ಹಿಂದಕ್ಕೆ ಕರೆಸಿದರು. ಮಗ ಬಂದದ್ದನ್ನು ಹೇಳದೆ ಅವನು ಕರೆದ ಹಾಲನ್ನು ಕುಡಿಯಲು ಕೊಟ್ಟಾಗ, ಇದರಲ್ಲಿ ಕಿಲಾಬನ ಕೈಯ ವಾಸನೆ ಇದೆ ಎಂದು ಮುದುಕರು ಹೇಳಿದರಂತೆ.

ಇಂದಿನ ಮಗನ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಗಲ್ಫಿನಲ್ಲಿ ತಾಯಿಯ ವೀಸಾ ಮಗನ ಕೆಲಸಕ್ಕೆ ಗಂಟು ಹಾಕಿಕೊಂಡಿರುತ್ತದೆ, ಕೆಲಸ ಹೋದರೆ ಇಬ್ಬರೂ ಹೊರಡಬೇಕು. ಅಮೆರಿಕದಲ್ಲಿ ಪೌರತ್ವ ಸಿಗದೆ ಹೆತ್ತವರ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವಂತಿಲ್ಲ. ಅದೆಲ್ಲ ಕಾಗದಪತ್ರದ ಮಾತು, ಅದಕ್ಕೆ ತಿಳಿದವರಿದ್ದಾರೆ. ಇಮಾಮನ ಬಳಿಗೆ ಬರುವವರು ಕೇಳುವುದು ಕರೆದುಕೊಂಡು ಹೋಗಲೇ, ಬಿಡಲೇ ಎಂದು. ಯೂಸುಫ್(ಅ) ಕರೆಸಿಕೊಂಡರು, ಅಬೂಹುರೈರಾ(ರ) ಜೊತೆಗಿಟ್ಟುಕೊಂಡರು, ಅಬೂಬಕರ್(ರ) ತಾವೇ ಹೋಗಿ ಕಂಡರು, ಕಿಲಾಬ್ ಮರಳಿದರು. ಒಂದೇ ಹದೀಸ್ ಹಿಡಿದು ಮುದಿ ತಾಯಿಯ ಬಾಯಿ ಮುಚ್ಚಿಸಲು ಇದರಲ್ಲಿ ದಾರಿಯಿಲ್ಲ.

ಎರಡನೇ ಖುತುಬಾದ ನಂತರ ಆ ಸಹೋದರರ ಮನೆಗೆ ಹೋದೆ. ಹದೀಸ್ ಹೇಳಲಿಲ್ಲ. ನಿಮಗೆ ಹೇಗೆ ಆದೀತು ಎಂದು ಉಮ್ಮನನ್ನೇ ಕೇಳಿದೆ. ಅವರು ಬಹಳ ಹೊತ್ತು ಸೆರಗಿನ ಅಂಚನ್ನು ತಿರುವುತ್ತಾ ಕುಳಿತಿದ್ದರು. ಅಲ್ಲಿ ಬಾಂಗು ಕಿವಿಗೆ ಬೀಳುತ್ತದೆಯೇ ಎಂದು ಮಗನನ್ನು ಕೇಳಿದರು. ಬೀಳುತ್ತದೆ, ಮಸೀದಿ ಎದುರಿಗೇ ಎಂದ ಮಗ. ಹಾಗಾದರೆ ಪೆರ್ನಾಲ್ ಕಳೆದು ಮಳೆಗಾಲಕ್ಕೆ ಬರುತ್ತೇನೆ, ಇಲ್ಲಿ ಹೇಗೂ ಹೊರಗೆ ಕಾಲಿಡಲಾಗುವುದಿಲ್ಲ ಎಂದರು. ಬಾಪನ ಆಂಡಿಗೆ ಮಾತ್ರ ಊರಿನಲ್ಲಿರಬೇಕು. ಇನ್ನೊಂದು ಶರತ್ತೂ ಇತ್ತು: ಈ ಮನೆಯ ಬೀಗದ ಕೈ ತನ್ನ ಬಳಿಯೇ ಇರಬೇಕು.