ಸಂಬಳವಿಲ್ಲದ ಸಲಹೆಗಾರ

ಚಿತ್ರಾಪುರ ಸಾರಸ್ವತರ ಮನೆತನಗಳ ಹೆಸರು ಹೇಳುತ್ತ ಹೋದರೆ ಕರಾವಳಿಯ ಊರುಗಳನ್ನೇ ಸುತ್ತಿ ಬಂದಂತಾಗುತ್ತದೆ: ಕಾರ್ನಾಡ್, ಉಳ್ಳಾಲ್, ಉದ್ಯಾವರ, ಕಲ್ಯಾಣಪುರ, ಅಮ್ಮೆಂಬಳ. ಉಡುಪಿ ಸೀಮೆಯ ಬೆನೆಗಲ್ ಕೂಡ ಆ ಸಾಲಿನದೇ. ಆ ಹೆಸರು ಹೊತ್ತ ವೈದ್ಯ ರಾಘವೇಂದ್ರ ರಾಯರ ಮನೆಯಲ್ಲಿ 1887ರ ಫೆಬ್ರುವರಿ 26ರಂದು ನರಸಿಂಗ ರಾವ್ ಹುಟ್ಟಿದರು. ಅವರ ತಮ್ಮಂದಿರಲ್ಲಿ ರಾಮ ರಾವ್ ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು, ಶಿವ ರಾವ್ ಪತ್ರಕರ್ತರಾಗಿ ಸಂವಿಧಾನ ರಚನಾ ಸಭೆಯ ಸದಸ್ಯರಾದರು. ಒಂದೇ ಮನೆಯಿಂದ ಇಷ್ಟು ಮಂದಿ!

ದಕ್ಷಿಣ ಕನ್ನಡವು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮಂಗಳೂರಿನ ಕೆನರಾ ಹೈಸ್ಕೂಲಿನ ಈ ಹುಡುಗ ಇಡೀ ಪ್ರಾಂತ್ಯಕ್ಕೆ ಮೊದಲಿಗನಾದ. ಮದರಾಸಿನಲ್ಲಿ ಓದು ಮುಗಿಸಿ, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹೋಗಿ, ಐ.ಸಿ.ಎಸ್. ಸೇರಿ ಬಂಗಾಳಕ್ಕೆ ಬಂದ. ಅಸ್ಸಾಮಿನಲ್ಲಿ ಕಾನೂನು ಇಲಾಖೆ, ಕಲಕತ್ತೆಯಲ್ಲಿ ಹೈಕೋರ್ಟಿನ ಪೀಠ, ಸಿಂಧೂ ನೀರಿಗಾಗಿ ಸಿಂಧ್ ಮತ್ತು ಪಂಜಾಬ್ ನಡುವೆ ಎದ್ದ ವ್ಯಾಜ್ಯದ ಆಯೋಗ, 1944–45ರಲ್ಲಿ ಕಾಶ್ಮೀರದ ಪ್ರಧಾನಿ ಪದವಿ, ಹೀಗೆ ಕೆಲಸಗಳು ಒಂದರ ಹಿಂದೊಂದು ಅವರನ್ನು ಅರಸಿ ಬಂದವು.

ಅದೇ ಕಾಲದ ಹಿಂದೂ ಕಾನೂನು ಸಮಿತಿಗೂ ಅವರೇ ಅಧ್ಯಕ್ಷರು. ಹೆಣ್ಣುಮಕ್ಕಳಿಗೂ ತಂದೆಯ ಆಸ್ತಿಯಲ್ಲಿ ಪಾಲು ಸಿಗಬೇಕೆಂದು ಆ ಸಮಿತಿ ಹೇಳಿದಾಗ ದೇಶದ ಹಲವೆಡೆ ಗದ್ದಲವೆದ್ದಿತು. ಅಳಿಯಸಂತಾನದ ತುಳುನಾಡಿನಲ್ಲಿ ಕುಟುಂಬದ ಬೇರು ತಾಯಿಯ ಕಡೆಗೇ ಇತ್ತು. ಕಾರ್ಕಳ, ಕಾಪು ಕಡೆಯ ಬಂಟರಿಗೂ ಬಿಲ್ಲವರಿಗೂ ಹೆಣ್ಣಿಗೆ ಆಸ್ತಿಯ ಸಂಬಂಧವಿದೆ ಎಂಬ ಮಾತು ಹೊಸತಾಗಿರಲಿಲ್ಲ. ರಾಯರ ಸಮುದಾಯದ ಕಟ್ಟಳೆ ಬೇರೆ; ಆದರೂ ಇದೇ ಮಣ್ಣಿನ ಮನೆತನದವರು ಆ ಸಮಿತಿಯ ತಲೆಯಲ್ಲಿದ್ದರೆಂಬುದು ನನಗೆ ಪ್ರಿಯವಾದ ಸಂಗತಿ.

1946ರಲ್ಲಿ ಅವರು ಸಂವಿಧಾನ ರಚನಾ ಸಭೆಯ ಸಲಹೆಗಾರರಾದರು, ಸಂಬಳವಿಲ್ಲದೆ. ಸಭೆಯ ಸದಸ್ಯರಲ್ಲದ ಕಾರಣ ಅಲ್ಲಿ ಎದ್ದು ನಿಂತು ವಾದಿಸುವಂತಿರಲಿಲ್ಲ. ವಾದಿಸುವವರ ಕೈಗೆ ಅವರು ಟಿಪ್ಪಣಿ ಕೊಡುತ್ತಿದ್ದರು, ಯಾವ ದೇಶದಲ್ಲಿ ಯಾವ ನಿಯಮ ಹೇಗೆ ನಡೆದಿದೆ ಎಂದು. 1947ರ ಅಕ್ಟೋಬರ್‌ನಲ್ಲಿ ಸಿದ್ಧವಾದ ಅವರ ಕರಡಿನಲ್ಲಿ 243 ವಿಧಿಗಳೂ 13 ಷೆಡ್ಯೂಲುಗಳೂ ಇದ್ದವು. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಮುಂದಿಟ್ಟುಕೊಂಡೇ ದುಡಿಯಿತು. ಕೊನೆಗೆ ನಿಂತದ್ದು 395 ವಿಧಿಗಳು, 8 ಷೆಡ್ಯೂಲುಗಳು.

ಆ ಅಕ್ಟೋಬರ್‌ನಲ್ಲೇ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೊರಟರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್, ‘ಡ್ಯೂ ಪ್ರೊಸೆಸ್’ ಎಂಬ ಮಾತು ಜನ ಆರಿಸಿದ ಶಾಸನಸಭೆಯ ಕಾನೂನನ್ನು ಅಳಿಸಿಹಾಕುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಡುತ್ತದೆ, ಅದು ಕೋರ್ಟಿಗೂ ಹೊರೆ ಎಂದು ಎಚ್ಚರಿಸಿದರು. ರಾಯರಿಗೆ ಅದು ಹಿಡಿಸಿತು. ಜೀವ, ಸ್ವಾತಂತ್ರ್ಯಗಳನ್ನು ಕಾಯುವ ಇಪ್ಪತ್ತೊಂದನೆಯ ವಿಧಿಗೆ ಜಪಾನಿನ ಸಂವಿಧಾನದ ಮಾದರಿಯಲ್ಲಿ ‘ಕಾನೂನು ಗೊತ್ತುಪಡಿಸಿದ ವಿಧಾನ’ ಎಂಬ ಮಾತು ಬಂತು. ಇಲ್ಲಿ ರಾಯರು ಎಡವಿದರೆಂದೇ ನನ್ನ ಎಣಿಕೆ. 1950ರಲ್ಲಿ, ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದ ಎ.ಕೆ. ಗೋಪಾಲನ್ ಅವರ ಮೊಕದ್ದಮೆಯಲ್ಲಿ ಆ ಮಾತಿನ ಇಕ್ಕಟ್ಟು ಕಂಡಿತು. ವಿಧಾನವೂ ನ್ಯಾಯವಾಗಿರಬೇಕೆಂದು ಸುಪ್ರೀಂ ಕೋರ್ಟ್ ಹೇಳಲು 1978 ಬರಬೇಕಾಯಿತು. ಎರಡು ಪದಗಳ ನಡುವಿನ ಅಂತರ, ಸೆರೆಯಲ್ಲಿದ್ದವನಿಗೆ ಬಾಗಿಲು ಮತ್ತು ಗೋಡೆಯಷ್ಟು.

1949ರ ನವೆಂಬರ್ 25ರಂದು ಅಂಬೇಡ್ಕರ್, ತಮಗೆ ಸಂದ ಹೊಗಳಿಕೆಯಲ್ಲಿ ಒಂದು ಪಾಲು ಬಿ.ಎನ್. ರಾಯರದೆಂದು ಸಭೆಯಲ್ಲೇ ಹೇಳಿದರು. ಮರುದಿನ ರಾಜೇಂದ್ರ ಪ್ರಸಾದರೂ ಸಂಬಳವಿಲ್ಲದ ಆ ಸೇವೆಯನ್ನು ನೆನೆದರು. ರಾಯರು ಅಷ್ಟರಲ್ಲಿ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ. 1950ರ ಜೂನ್‌ನಲ್ಲಿ ಕೊರಿಯಾದ ಯುದ್ಧ ಹೊತ್ತಿಕೊಂಡಾಗ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿದ್ದವರು ಅವರೇ. ದಾಳಿ ನಿಲ್ಲಿಸಬೇಕೆಂಬ 25ರ ನಿರ್ಣಯಕ್ಕೆ ಭಾರತದ ಮತ ಹಾಕಿದರು. ದಕ್ಷಿಣ ಕೊರಿಯಾಕ್ಕೆ ನೆರವು ನೀಡಬೇಕೆಂಬ 27ರ ನಿರ್ಣಯದ ವೇಳೆಗೆ ದೆಹಲಿಯ ಸೂಚನೆ ತಲುಪಿರಲಿಲ್ಲ. ಅಂದು ಮತ ಹಾಕಲಿಲ್ಲ.

1952ರಲ್ಲಿ ಅವರು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಕಾಯಿಲೆ ಹೆಚ್ಚು ದಿನ ಬಿಡಲಿಲ್ಲ. 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು. ಹೆಣ್ಣುಮಕ್ಕಳ ಪಾಲಿನ ಮಾತು ಹಿಂದೂ ಉತ್ತರಾಧಿಕಾರ ಕಾಯಿದೆಯಾಗಿ ಬಂದದ್ದು 1956ರಲ್ಲಿ.